ಮನೆಯಲ್ಲೇ ಅಷ್ಟಾಂಗ ಅಭ್ಯಾಸ: ಶುರು ಮಾಡುವುದು, ಬೆಳೆಸುವುದು, ಬಿಡದೆ ಉಳಿಸಿಕೊಳ್ಳುವುದು

ಸಂಕ್ರಾಂತಿಗೆ ಶುರು, ಶಿವರಾತ್ರಿ ಹೊತ್ತಿಗೆ ಮ್ಯಾಟ್ ಅಟ್ಟದ ಮೇಲೆ. ಮನೆಯಲ್ಲಿ ಅಷ್ಟಾಂಗ ಮಾಡಲು ಹೊರಟ ಎಷ್ಟೋ ಜನರ ಕಥೆ ಇದೇ. ಕೇಳಿದರೆ "ಟೈಮ್ ಸಿಗಲ್ಲ" ಅಂತಾರೆ, "ಮಂಡಿ ಹಿಡ್ಕೊಂಡ್ತು" ಅಂತಾರೆ, "ನನ್ನ ಮೈ ಬಗ್ಗಲ್ಲ ಬಿಡಿ" ಅಂತಾರೆ. ಸ್ವಲ್ಪ ಕೆದಕಿದರೆ ವಿಷಯ ಬೇರೆಯೇ ಇರುತ್ತದೆ. ಮೊದಲ ದಿನವೇ ಮೊಬೈಲ್‌ನಲ್ಲಿ ವಿಡಿಯೋ ಹಾಕಿಕೊಂಡು, ಒಂದೂವರೆ ಗಂಟೆಯ ಇಡೀ ಪ್ರೈಮರಿ ಸೀರೀಸ್‌ಗೆ, ಅಂದರೆ ಅಷ್ಟಾಂಗದ ಮೊದಲ ಆಸನ ಸರಣಿಗೆ, ಕೈ ಹಾಕಿರುತ್ತಾರೆ.

ಇಲ್ಲಿ ಅಷ್ಟಾಂಗ ಅಂದರೆ ಮೈಸೂರಿನಲ್ಲಿ ಯೋಗ ಗುರು ಪಟ್ಟಾಭಿ ಜೋಯಿಸರು ಕಲಿಸಿದ ಅಷ್ಟಾಂಗ ವಿನ್ಯಾಸ ಪದ್ಧತಿ. ಅದನ್ನು ಹಳೇ ಕ್ರಮದಲ್ಲಿ ಹೇಳಿಕೊಡುವ ಶಾಲೆಗೆ ಹೋದರೆ ಮೊದಲ ದಿನ ಇಡೀ ಸರಣಿ ಕೊಡುವುದಿಲ್ಲ. ಸೂರ್ಯ ನಮಸ್ಕಾರ, ಕೊನೆಗೆ ಒಂದಿಷ್ಟು ಹೊತ್ತು ಕೂರುವುದು, ಮಲಗುವುದು. ಅಷ್ಟೇ. ಅದು ಕೂತ ಮೇಲೆ ಮುಂದಿನ ಆಸನ. ಮಧ್ಯದಲ್ಲಿ ಗುರುಗಳು ಬಂದು "ಇವತ್ತಿಗೆ ಸಾಕು" ಅಂತಾರೆ. ಮನೆಯಲ್ಲಿ ಹಾಗೆ "ಸಾಕು" ಅನ್ನುವವರು ಯಾರೂ ಇರುವುದಿಲ್ಲ ನೋಡಿ, ಎಡವಟ್ಟು ಆಗುವುದು ಅಲ್ಲೇ. ಹಾಗಾಗಿ ಮುಂದಿನ ಹಂತಗಳಲ್ಲಿ ಏನು ಮಾಡಬೇಕು ಅನ್ನುವಷ್ಟೇ, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಹೇಳಿದ್ದೇನೆ.

## ಮೊದಲು ಡಾಕ್ಟರನ್ನು ಕೇಳಬೇಕಾದವರು

ಬಿಪಿ ಜಾಸ್ತಿ ಇರುವವರು, ಕಣ್ಣಿನಲ್ಲಿ ಗ್ಲಾಕೋಮಾ ಇರುವವರು, ಡಿಸ್ಕ್ ತೊಂದರೆ ಇರುವವರು, ಈಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಗರ್ಭಿಣಿಯರು ಹೊಸದಾಗಿ ಹಿಡಿಯುವ ಅಭ್ಯಾಸ ಇದಲ್ಲ.

ಇನ್ನೊಂದು ಮಾತು. ಹತ್ತು ದಿನವಾದರೂ ಯಾರಾದರೂ ಬಲ್ಲವರ ಮುಂದೆ ಮಾಡಲು ಸಾಧ್ಯವಿದ್ದರೆ ಮಾಡಿ, ಆಮೇಲೆ ಮನೆಯಲ್ಲಿ ಮುಂದುವರಿಸಿ. ನಮ್ಮ ಬೆನ್ನು ನಮಗೆ ಕಾಣಿಸುವುದಿಲ್ಲ, ಅಲ್ವಾ?

## ಬೇಕಾದ ಸಾಮಾನು

ಮ್ಯಾಟ್ ನಾಲ್ಕೈದು ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಹಾಸಿಗೆ ಥರ ಮೆತ್ತಗಿರುವುದನ್ನು ತರಬೇಡಿ. ಒಂಟಿ ಕಾಲಲ್ಲಿ ನಿಂತಾಗ ಪಾದ ಅಲುಗಾಡುತ್ತದೆ, ಮಣಿಕಟ್ಟು ಒಳಕ್ಕೆ ಕುಸಿಯುತ್ತದೆ. ಬೆವರು ಜಾಸ್ತಿ ಬರುವವರು ಮ್ಯಾಟ್ ಮೇಲೆ ತೆಳ್ಳಗಿನ ಹತ್ತಿ ಜಮಖಾನ ಹಾಸಿಕೊಳ್ಳಿ.

ಬ್ಲಾಕ್, ಬೆಲ್ಟ್ ಅಂತ ದುಡ್ಡು ಹಾಕುವ ಅಗತ್ಯ ಇಲ್ಲ. ಒಂದೇ ದಪ್ಪದ ಎರಡು ಹಳೇ ಪುಸ್ತಕ, ಒಂದು ಹಳೇ ದುಪ್ಪಟ್ಟ ಅಥವಾ ಪಂಚೆ, ಮಡಚಿಡಲು ಎರಡು ಗಟ್ಟಿ ಕಂಬಳಿ. ಇವಿಷ್ಟರಲ್ಲಿ ವರ್ಷ ಕಳೆಯಬಹುದು. ಜೊತೆಗೆ ಒಂದು ನೋಟ್‌ಬುಕ್, ಒಂದು ಪೆನ್ನು. ಅಮಾವಾಸ್ಯೆ, ಹುಣ್ಣಿಮೆ ನೋಡಲು ಗೋಡೆಯ ಮೇಲಿನ ಕ್ಯಾಲೆಂಡರ್ ಹೇಗೂ ಇರುತ್ತದೆ.

ಬೇಡದ ಸಾಮಾನು ಎರಡು: ಕನ್ನಡಿ ಮತ್ತು ಮೊಬೈಲ್. ಕನ್ನಡಿ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಮೊಬೈಲ್ ಇದ್ದರೆ, ಬಿಡಿ, ನಿಮಗೇ ಗೊತ್ತು.

## ಹಂತ 1: ಹೊತ್ತು ಗೊತ್ತು ಮಾಡಿ

ಬೆಳಗ್ಗೆ ಮಾಡಿದರೆ ಒಳ್ಳೆಯದು, ಹೊಟ್ಟೆ ಖಾಲಿ ಇರುತ್ತದೆ, ಫೋನ್ ಬರುವುದಿಲ್ಲ. ಆದರೆ ಬೆಳಗ್ಗೆ ಮೈ ಬಿಗಿ ಇರುತ್ತದೆ ಅನ್ನುವುದು ನೆನಪಿರಲಿ. ಸಂಜೆ ಸುಲಭವಾಗಿ ಬಗ್ಗುವುದು ಬೆಳಗ್ಗೆ ಬಗ್ಗುವುದಿಲ್ಲ, ಅದಕ್ಕೆ ಬೇಜಾರು ಬೇಡ. ನೈಟ್ ಶಿಫ್ಟ್‌ನವರು, ಚಿಕ್ಕ ಮಕ್ಕಳಿರುವವರು ಯಾವ ಹೊತ್ತಾದರೂ ಆರಿಸಿಕೊಳ್ಳಬಹುದು. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು ಅನ್ನುವುದೊಂದೇ ಕಟ್ಟಳೆ. ಅರ್ಧ ಲೋಟ ಕಾಫಿಗೆ ನನ್ನ ತಕರಾರಿಲ್ಲ. ನಾನು ಕುಡಿದೇ ನಿಲ್ಲುವುದು.

ಹೊತ್ತು ಗೊತ್ತು ಮಾಡುವಾಗ ನಿಮ್ಮ ಒಳ್ಳೆಯ ದಿನವನ್ನು ನೋಡಿ ಲೆಕ್ಕ ಹಾಕಬೇಡಿ. ಮಗುವಿನ ಸ್ಕೂಲ್ ವ್ಯಾನ್ ಬೇಗ ಬರುವ ದಿನ, ನೀರಿನ ಟ್ಯಾಂಕರ್ ಬರುವ ದಿನ ನೋಡಿ ಹಾಕಿ. ಆ ದಿನ ಇಪ್ಪತ್ತೇ ನಿಮಿಷ ಸಿಗುವುದಾದರೆ ನಿಮ್ಮ ಅಭ್ಯಾಸ ಸದ್ಯಕ್ಕೆ ಇಪ್ಪತ್ತು ನಿಮಿಷದ್ದು. ಮೊದಲ ತಿಂಗಳು ವಾರಕ್ಕೆ ನಾಲ್ಕು ದಿನ ಸಾಕು.

## ಹಂತ 2: ಉಸಿರು

ಇದನ್ನು ಹಾರಿಸಿ ಮುಂದಿನ ಹಂತಕ್ಕೆ ಹೋಗುವವರೇ ಜಾಸ್ತಿ. ಆಮೇಲೆ ಮೂರನೇ ನಮಸ್ಕಾರಕ್ಕೇ ಬಾಯಿ ತೆರೆದು ಏದುಸಿರು ಬಿಡುತ್ತಾರೆ.

ಚಕ್ಕಳಮಕ್ಕಳ ಹಾಕಿ ಕೂತು, ಬಾಯಿ ಮುಚ್ಚಿ, ಮೂಗಿನಿಂದ ಉಸಿರಾಡಿ. ಒಳಗೆ ನಾಲ್ಕು ಎಣಿಕೆ, ಹೊರಗೆ ನಾಲ್ಕು ಎಣಿಕೆ. ಗಂಟಲ ಹತ್ತಿರ ಮೆಲ್ಲಗೆ ಸದ್ದು ಬರಬೇಕು, ಕನ್ನಡಕ ಒರೆಸುವ ಮುನ್ನ ಗಾಜಿನ ಮೇಲೆ "ಹಾ" ಅಂತ ಊದುತ್ತೇವಲ್ಲ, ಹಾಗೆ, ಆದರೆ ಬಾಯಿ ಮುಚ್ಚಿಕೊಂಡು. ಆ ಸದ್ದು ನಿಮಗೆ ಕೇಳಿಸಿದರೆ ಸಾಕು. ಪಕ್ಕದ ರೂಮಿನವರಿಗೆ ಕುಕ್ಕರ್ ಥರ ಕೇಳಿಸಿದರೆ ಗಂಟಲನ್ನು ಉಜ್ಜುತ್ತಿದ್ದೀರಿ ಅಂತ ಅರ್ಥ, ಸಡಿಲ ಬಿಡಿ.

ಬಂಧಗಳ ಬಗ್ಗೆ, ಅಂದರೆ ಒಳಗಿನ ಸ್ನಾಯುಗಳನ್ನು ಬಿಗಿಹಿಡಿಯುವುದರ ಬಗ್ಗೆ, ಈಗ ತಲೆ ಕೆಡಿಸಿಕೊಳ್ಳಬೇಡಿ. ಕಿಬ್ಬೊಟ್ಟೆಯನ್ನು ಸ್ವಲ್ಪ ಒಳಕ್ಕೆ ಎಳೆದಿಟ್ಟುಕೊಳ್ಳಿ, ಉಸಿರು ಪಕ್ಕೆಲುಬಿನ ಕಡೆ ಹರಡಲಿ. ದೃಷ್ಟಿಯೂ ಹಾಗೇ: ಆಯಾ ಆಸನಕ್ಕೆ ಮೂಗಿನ ತುದಿ, ಹೊಕ್ಕುಳು, ಕೈತುದಿ ಅಂತ ಒಂದೊಂದು ಜಾಗ ಇದೆ, ಕ್ರಮೇಣ ಬರುತ್ತದೆ. ಮೊದಮೊದಲು ಕಣ್ಣು ಒಂದು ಕಡೆ ನಿಂತರೆ ಸಾಕು. ಮಂಚದ ಕೆಳಗೆ ಸೇರಿದ ಧೂಳು ಕಣ್ಣಿಗೆ ಬಿತ್ತು ಅಂದರೆ ದೃಷ್ಟಿ ತಪ್ಪಿದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಮೊದಲ ಅಳತೆ ಈ ಉಸಿರೇ. ಯಾವ ಆಸನದಲ್ಲಿ ಉಸಿರು ತುಂಡಾಗುತ್ತದೋ, ಬಾಯಿ ತೆರೆಯುತ್ತದೋ, ಅವತ್ತಿನ ಅಭ್ಯಾಸ ಅಲ್ಲಿಗೆ ಮುಗಿಯಿತು. ಇನ್ನು ಕೊನೆಯ ಭಾಗಕ್ಕೆ ಹೋಗಬೇಕು.

## ಹಂತ 3: ಸೂರ್ಯ ನಮಸ್ಕಾರ 'ಎ' (ಮೊದಲ ಎರಡು ಮೂರು ವಾರ)

ಒಂಬತ್ತು ವಿನ್ಯಾಸ, ಅಂದರೆ ಒಂಬತ್ತು ಎಣಿಕೆ. ಒಂದೊಂದು ಎಣಿಕೆಗೂ ಒಂದು ಉಸಿರು, ಒಂದು ಚಲನೆ. ಮೊದಲು ಬಾಯಿಪಾಠ ಮಾಡಿ, ಆಮೇಲೆ ಮ್ಯಾಟ್ ಮೇಲೆ ಬನ್ನಿ. ಸಮಸ್ಥಿತಿಯಲ್ಲಿ ನೆಟ್ಟಗೆ ನಿಂತು:

1. ಏಕಂ: ಉಸಿರು ಒಳಗೆ. ಕೈ ಮೇಲಕ್ಕೆ, ಅಂಗೈ ಕೂಡಿಸಿ, ಹೆಬ್ಬೆರಳು ನೋಡಿ.
2. ದ್ವೇ: ಉಸಿರು ಹೊರಗೆ. ಮುಂದಕ್ಕೆ ಬಗ್ಗಿ. ಕೈ ನೆಲಕ್ಕೆ ಸಿಗದಿದ್ದರೆ ಮಂಡಿ ಸ್ವಲ್ಪ ಮಡಚಿ.
3. ತ್ರೀಣಿ: ಒಳಗೆ. ಎದೆ, ತಲೆ ಎತ್ತಿ, ಬೆನ್ನು ನೇರ.
4. ಚತ್ವಾರಿ: ಹೊರಗೆ. ಕಾಲು ಹಿಂದಕ್ಕೆ, ಚತುರಂಗ ದಂಡಾಸನ.
5. ಪಂಚ: ಒಳಗೆ. ಎದೆ ಮೇಲೆತ್ತಿ, ಊರ್ಧ್ವಮುಖ ಶ್ವಾನಾಸನ.
6. ಷಟ್: ಹೊರಗೆ. ಸೊಂಟ ಮೇಲೆತ್ತಿ, ಅಧೋಮುಖ ಶ್ವಾನಾಸನ. ಇಲ್ಲಿ ಐದು ಉಸಿರು.
7. ಸಪ್ತ: ಒಳಗೆ. ಕಾಲು ಕೈಗಳ ನಡುವೆ, ತಲೆ ಎತ್ತಿ.
8. ಅಷ್ಟೌ: ಹೊರಗೆ. ಬಗ್ಗಿ.
9. ನವ: ಒಳಗೆ. ಮೇಲೆದ್ದು ಕೈ ಮೇಲಕ್ಕೆ. ಉಸಿರು ಬಿಡುತ್ತಾ ಸಮಸ್ಥಿತಿ.

ಮೊದಲ ವಾರ ಮೂರು, ಆಮೇಲೆ ಐದು. ಹಾರುವುದು ಕಡ್ಡಾಯ ಅಲ್ಲ. ಕಾಲನ್ನು ಒಂದಾದ ಮೇಲೊಂದು ಹಿಂದಿಡಿ.

ನಾಲ್ಕನೇ ಎಣಿಕೆಯನ್ನು ಮಾತ್ರ ಹತ್ತಿರದಿಂದ ನೋಡಬೇಕು. ಮುಂದೆ ಐದು 'ಎ', ಐದು 'ಬಿ' ಮಾಡುವಾಗ ಒಟ್ಟು 20 ಸಲ ಚತುರಂಗಕ್ಕೆ ಇಳಿಯುತ್ತೀರಿ. ಕೂತು ಮಾಡುವ ಆಸನಗಳ ನಡುವೆ ಬರುವುದು ಬೇರೆ. ಒಂದು ಸಲ ತಪ್ಪು ಇಳಿದರೆ ಏನೂ ಆಗುವುದಿಲ್ಲ. ದಿನಕ್ಕೆ ಇಪ್ಪತ್ತರಂತೆ ತಿಂಗಳುಗಟ್ಟಲೆ ತಪ್ಪು ಇಳಿದರೆ ಭುಜದ ಮುಂಭಾಗ ನೋಯಲು ಶುರುವಾಗುತ್ತದೆ.

ಸರಿಯಾಗಿ ಇಳಿಯುವುದು ಹೀಗೆ. ಕೈ ಭುಜದ ನೇರಕ್ಕೆ ಊರಿ, ಬೆರಳು ಅಗಲಿಸಿ. ಮೊಣಕೈ ಹೊರಗೆ ರೆಕ್ಕೆ ಥರ ಹರಡದೆ ಪಕ್ಕೆ ಸವರಿಕೊಂಡು ಹಿಂದಕ್ಕೆ ಹೋಗಬೇಕು. ಭುಜ ಮೊಣಕೈಯ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿ, ಅದಕ್ಕಿಂತ ಕೆಳಗೆ ಇಳಿಯಬಾರದು. ಗೊತ್ತಾಗದಿದ್ದರೆ ಎದೆಯ ಕೆಳಗೆ ಆ ಎರಡು ಪುಸ್ತಕ ಒಂದರ ಮೇಲೊಂದು ಇಡಿ. ಎದೆ ಪುಸ್ತಕಕ್ಕೆ ತಾಗುವ ಮೊದಲೇ ನಿಲ್ಲುವ ಹಾಗೆ ಎತ್ತರ ಹೊಂದಿಸಿಕೊಳ್ಳಿ. ಸೊಂಟ ಜೋತು ಬೀಳುತ್ತಿದ್ದರೆ ಮಂಡಿ ನೆಲಕ್ಕೆ ಊರಿ ಇಳಿಯಿರಿ. ಅವಮಾನ ಏನಿಲ್ಲ. ನಾನು ಮೊದಲ ನಾಲ್ಕು ತಿಂಗಳು ಮಂಡಿ ಊರಿಯೇ ಇಳಿದದ್ದು.

ಅಭ್ಯಾಸ ಮುಗಿಸುವುದು ಹೇಗೆ ಅನ್ನುವುದನ್ನೂ ಮೊದಲ ದಿನದಿಂದಲೇ ಹಿಡಿಯಿರಿ. ನಮಸ್ಕಾರ ಆದ ಮೇಲೆ ಚಕ್ಕಳಮಕ್ಕಳ ಕೂತು ಹತ್ತು ಉಸಿರು, ಆಮೇಲೆ ಅಂಗಾತ ಮಲಗಿ ಐದು ನಿಮಿಷ. ಪದ್ಮಾಸನ ಬರುವವರು ಪದ್ಮಾಸನ ಹಾಕಿ. ಬರದವರು ಬಲವಂತ ಮಾಡಬೇಡಿ, ಅದರ ಕಥೆ ಮುಂದೆ ಇದೆ.

## ಹಂತ 4: ಸೂರ್ಯ ನಮಸ್ಕಾರ 'ಬಿ' ಮತ್ತು ನಿಂತು ಮಾಡುವ ಆಸನಗಳು (ಎರಡು ಮೂರು ತಿಂಗಳು)

'ಬಿ'ಯಲ್ಲಿ 17 ವಿನ್ಯಾಸ. ಶುರು ಮತ್ತು ಕೊನೆಯಲ್ಲಿ ಮಂಡಿ ಮಡಚುವ ಉತ್ಕಟಾಸನ, ನಡುವೆ ಬಲಕ್ಕೊಂದು ಎಡಕ್ಕೊಂದು ವೀರಭದ್ರಾಸನ. ಐದು 'ಎ' ಮಾಡಿಯೂ ಉಸಿರು ಸಮ ಇದ್ದರೆ ಮಾತ್ರ 'ಬಿ' ಸೇರಿಸಿ. ಮೊದಲು ಒಂದು, ಆಮೇಲೆ ಮೂರು, ಆಮೇಲೆ ಐದು.

ನಂತರ ನಿಂತು ಮಾಡುವವು. ಒಂದೊಂದಕ್ಕೂ ಐದು ಉಸಿರು. ಕ್ರಮ ಹೀಗೆ: ಪಾದಾಂಗುಷ್ಠಾಸನ, ಪಾದಹಸ್ತಾಸನ, ಉತ್ಥಿತ ತ್ರಿಕೋಣಾಸನ, ಅದರ ಪರಿವೃತ್ತ, ಉತ್ಥಿತ ಪಾರ್ಶ್ವಕೋಣಾಸನ, ಅದರ ಪರಿವೃತ್ತ, ಪ್ರಸಾರಿತ ಪಾದೋತ್ತಾನಾಸನದ ನಾಲ್ಕು ಬಗೆ, ಪಾರ್ಶ್ವೋತ್ತಾನಾಸನ. ಆಮೇಲೆ ಉತ್ಥಿತ ಹಸ್ತ ಪಾದಾಂಗುಷ್ಠಾಸನ, ಅರ್ಧ ಬದ್ಧ ಪದ್ಮೋತ್ತಾನಾಸನ, ಉತ್ಕಟಾಸನ, ವೀರಭದ್ರಾಸನ.

ಪಟ್ಟಿ ನೋಡಿ ಹೆದರಬೇಡಿ. ಹೊರದೇಶದಿಂದ ಮೈಸೂರಿಗೆ ಬರುವವರು ಈ ಹೆಸರುಗಳಿಗೆ ಬಹಳ ಒದ್ದಾಡುತ್ತಾರೆ. ನಮಗೆ ಹೆಸರಿನಲ್ಲೇ ಅರ್ಧ ಪಾಠ ಸಿಕ್ಕಿಬಿಡುತ್ತದೆ. ಪಾದಾಂಗುಷ್ಠ, ಅಂದರೆ ಕಾಲಿನ ಹೆಬ್ಬೆರಳು ಹಿಡಿ. ಪಾದಹಸ್ತ, ಪಾದದ ಅಡಿಗೆ ಕೈ ಹಾಕು. ಪ್ರಸಾರಿತ, ಕಾಲು ಅಗಲಿಸು. ಪಾರ್ಶ್ವ, ಪಕ್ಕ. ಪರಿವೃತ್ತ, ತಿರುಗು. ಮುಂದೆ ಬರುವ ಪಶ್ಚಿಮೋತ್ತಾನದಲ್ಲಿ ಪಶ್ಚಿಮ ಅಂದರೆ ದೇಹದ ಹಿಂಭಾಗ, ಅದು ಎಳೆಯಬೇಕು. ಹೀಗೆ ಬಿಡಿಸಿ ಓದಿಕೊಂಡರೆ ವಿಡಿಯೋ ಬೇಕಾಗುವುದಿಲ್ಲ. ನೋಟ್‌ಬುಕ್‌ನಲ್ಲಿ ಕಡ್ಡಿ ಗೊಂಬೆ ಬರೆದು, ಪಕ್ಕದಲ್ಲಿ ಹೆಸರು ಬರೆಯಿರಿ. ಚಿತ್ರ ಕೆಟ್ಟದಾಗಿದ್ದಷ್ಟೂ ಚೆನ್ನಾಗಿ ನೆನಪಿರುತ್ತದೆ.

ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಆಸನ ಸೇರಿಸಿ. ಹೊಸದು ಯಾವಾಗಲೂ ಹಳೆಯದರ ಬಾಲಕ್ಕೆ. ನಡುವಿನದು ಕಷ್ಟ ಅಂತ ಹಾರಿಸಿ, ಮುಂದಿನ ಇಷ್ಟದ್ದನ್ನು ತಂದು ಹಾಕಬೇಡಿ. ಪೂರ್ತಿ ಬರದಿದ್ದರೆ ಸುಲಭದ ರೂಪದಲ್ಲಿ ಮಾಡಿ, ಆದರೆ ಅದರ ಜಾಗದಲ್ಲೇ ಮಾಡಿ. ತ್ರಿಕೋಣದಲ್ಲಿ ಬೆರಳು ಸಿಗದವರು ಮೀನಖಂಡ ಹಿಡಿಯಿರಿ. ಉತ್ಥಿತ ಹಸ್ತ ಪಾದಾಂಗುಷ್ಠದಲ್ಲಿ ಬೀಳುವವರು ಗೋಡೆಗೆ ಒಂದು ಕೈ ಕೊಡಿ.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದೇ: ತಲೆಯನ್ನು ಮಂಡಿಗೆ ಮುಟ್ಟಿಸುವ ಆಸೆ. ಬೆನ್ನು ಗೂನು ಮಾಡಿ ಹಣೆ ಮುಟ್ಟಿಸಿದರೆ ಸೊಂಟ ಅಲ್ಲಾಡಿರುವುದೇ ಇಲ್ಲ, ಭಾರ ಎಲ್ಲ ಕೆಳಬೆನ್ನಿಗೆ. ಮೊದಲು ಮಂಡಿ ಸ್ವಲ್ಪ ಮಡಚಿ, ಹೊಟ್ಟೆಯನ್ನು ತೊಡೆಗೆ ತನ್ನಿ. ಆಮೇಲೆ ಕಾಲು ಎಷ್ಟು ನೆಟ್ಟಗಾಗುತ್ತದೋ ಅಷ್ಟು.

## ಹಂತ 5: ಕೊನೆಯ ಭಾಗವನ್ನು ಮೊದಲೇ ಕಲಿಯಿರಿ

ಕೂತು ಮಾಡುವ ಆಸನಗಳಿಗೆ ಕೈ ಹಾಕುವ ಮೊದಲು ಮುಗಿಸುವ ಆಸನಗಳನ್ನು ಕಲಿತುಕೊಳ್ಳಿ. ಈ ಅಭ್ಯಾಸದಲ್ಲಿ ಹಿಂದು ಮುಂದು ಎರಡೂ ಸ್ಥಿರ, ಬೆಳೆಯುವುದು ನಡುವೆ ಮಾತ್ರ.

ಸರ್ವಾಂಗಾಸನ, ಹಲಾಸನ, ಮತ್ಸ್ಯಾಸನ, ಕೂರುವುದು, ಮಲಗುವುದು. ಮೊದಲ ವರ್ಷಕ್ಕೆ ಇಷ್ಟು ಸಾಕು. ಸರ್ವಾಂಗಾಸನಕ್ಕೆ ಕಂಬಳಿ ಮಡಚಿ ಭುಜದ ಕೆಳಗೆ ಹಾಕಿ. ತಲೆ ಕಂಬಳಿಯಿಂದ ಹೊರಗೆ ನೆಲದ ಮೇಲಿರಲಿ, ಆಗ ಕತ್ತಿನ ಮೇಲೆ ಒತ್ತಡ ಬೀಳುವುದಿಲ್ಲ. ಮೇಲೆ ಹೋದ ಮೇಲೆ ಆಚೀಚೆ ತಲೆ ತಿರುಗಿಸಬೇಡಿ, ಯಾರೇ ಕರೆದರೂ ಸರಿ. ಕಣ್ಣಲ್ಲಿ, ಕಿವಿಯಲ್ಲಿ ಒತ್ತಡ ಅನ್ನಿಸಿದರೆ ಇಳಿದುಬಿಡಿ.

ಶೀರ್ಷಾಸನವನ್ನು ವಿಡಿಯೋ ನೋಡಿ ಕಲಿಯಬೇಡಿ. ಅದರ ತಯಾರಿ ಮಾತ್ರ ಮನೆಯಲ್ಲಿ ಮಾಡಬಹುದು: ಮೊಣಕೈ ನೆಲಕ್ಕೆ ಊರಿ, ಬೆರಳು ಹೆಣೆದು, ಸೊಂಟ ಮೇಲೆತ್ತಿ, ತಲೆ ನೆಲಕ್ಕೆ ತಾಗದಂತೆ ಹತ್ತು ಉಸಿರು. ಕಾಲು ಎತ್ತುವುದು ಒಬ್ಬರು ಪಕ್ಕದಲ್ಲಿ ನಿಂತು ತೋರಿಸಿದ ಮೇಲೆ.

ಮಲಗುವುದನ್ನು ತಪ್ಪಿಸಬೇಡಿ. "ಟೈಮ್ ಆಯ್ತು" ಅಂತ ನೇರ ಸ್ನಾನಕ್ಕೆ ಓಡುವವರೇ ಆಮೇಲೆ "ಇಡೀ ದಿನ ಸುಸ್ತು" ಅಂತಾರೆ. ಟೈಮ್ ಇಲ್ಲದಿದ್ದರೆ ಎರಡು ಆಸನ ಬಿಡಿ, ಮಲಗುವ ಐದು ನಿಮಿಷ ಬಿಡಬೇಡಿ.

## ಹಂತ 6: ಕೂತು ಮಾಡುವ ಆಸನಗಳು, ಒಂದೊಂದಾಗಿ

ಹೆಚ್ಚಿನವರ ಮೈಗೆ ಪೆಟ್ಟಾಗುವುದು ಇಲ್ಲೇ, ಹಾಗಾಗಿ ನಿಧಾನ ಓದಿ.

ದಂಡಾಸನ, ಪಶ್ಚಿಮೋತ್ತಾನಾಸನ, ಪೂರ್ವೋತ್ತಾನಾಸನದಿಂದ ಶುರು. ಆಮೇಲೆ ಅರ್ಧ ಬದ್ಧ ಪದ್ಮ ಪಶ್ಚಿಮೋತ್ತಾನಾಸನ, ತ್ರ್ಯಂಗಮುಖ ಏಕಪಾದ ಪಶ್ಚಿಮೋತ್ತಾನಾಸನ, ಜಾನುಶೀರ್ಷಾಸನದ ಮೂರು, ಮರೀಚ್ಯಾಸನದ ನಾಲ್ಕು, ಐದು ಸಲ ನಾವಾಸನ. ಅಲ್ಲಿಗೆ ಸರಣಿಯ ಸುಮಾರು ಅರ್ಧ. ಭುಜಪೀಡಾಸನ, ಕೂರ್ಮಾಸನ, ಸುಪ್ತ ಕೂರ್ಮಾಸನ ಅದರಾಚೆ ಬರುತ್ತವೆ. ಅವನ್ನು ಗುರುಗಳಿಲ್ಲದೆ ಕಲಿಯುವ ಅವಸರ ಬೇಡ. ಮನೆ ಅಭ್ಯಾಸಕ್ಕೆ ನಾವಾಸನದವರೆಗಿನ ಅರ್ಧವೇ ವರ್ಷಗಟ್ಟಲೆ ಸಾಕಾಗುತ್ತದೆ.

ಮಂಡಿಯ ವಿಷಯ. ಪದ್ಮ, ಅರ್ಧಪದ್ಮದಲ್ಲಿ ಕಾಲು ತಿರುಗಬೇಕಾದ್ದು ಸೊಂಟದ ಕೀಲಿನಲ್ಲಿ. ಮಂಡಿ ಬಾಗಿಲ ಕೀಲಿನ ಥರ, ಮಡಚುವುದು ಬಿಡಿಸುವುದು ಅದರ ಕೆಲಸ, ತಿರುಚುವುದಲ್ಲ. ಸೊಂಟ ಬಿಗಿ ಇದ್ದಾಗ ಪಾದವನ್ನು ಹಿಡಿದು ಎಳೆದರೆ ಆ ತಿರುಚು ಪೂರ್ತಿ ಮಂಡಿಗೆ ಹೋಗುತ್ತದೆ.

ಹಾಗಾಗಿ ಅರ್ಧಪದ್ಮಕ್ಕೆ ಕಾಲು ತರುವ ಕ್ರಮ ಇದು. ಬಲಗಾಲು ಮೊದಲು. ಮಂಡಿಯನ್ನು ಪೂರ್ತಿ ಮಡಚಿ, ಮೀನಖಂಡ ತೊಡೆಗೆ ಅಂಟುವಷ್ಟು. ಅರ್ಧಂಬರ್ಧ ಮಡಚಿದ ಮಂಡಿಯನ್ನು ತಿರುಗಿಸಲೇಬೇಡಿ. ಮಡಚಿದ ಮಂಡಿಯನ್ನು ಹೊರಕ್ಕೆ, ಪಕ್ಕಕ್ಕೆ ಬಿಡಿ. ಈಗ ಪಾದ ಮತ್ತು ಮಂಡಿ ಎರಡನ್ನೂ ಒಟ್ಟಿಗೆ ಎರಡು ಕೈಯಲ್ಲಿ ಹಿಡಿದು, ಮಗುವನ್ನು ಎತ್ತಿಕೊಂಡ ಹಾಗೆ, ಹಿಮ್ಮಡಿಯನ್ನು ಹೊಕ್ಕುಳ ಕಡೆ ತನ್ನಿ. ಆಮೇಲೆ ಪಾದವನ್ನು ತೊಡೆಯ ಬುಡದ ಮೇಲೆ ಇಡಿ. ಮಂಡಿ ನೆಲದಿಂದ ಒಂದು ಗೇಣು ಮೇಲೆ ನಿಂತರೆ ಅಲ್ಲಿಗೆ ಸಾಕು, ಕೆಳಗೆ ಕಂಬಳಿ ತುರುಕಿ. ಕೈಯಿಂದ ಕೆಳಕ್ಕೆ ಒತ್ತಬೇಡಿ, ಬೇರೆಯವರಿಗೂ ಒತ್ತಲು ಬಿಡಬೇಡಿ. ಪಾದ ಮೇಲಕ್ಕೆ ಬರುವುದೇ ಇಲ್ಲ ಅಂದರೆ ಅದನ್ನು ಇನ್ನೊಂದು ತೊಡೆಯ ಪಕ್ಕದಲ್ಲಿ ನೆಲದ ಮೇಲಿಟ್ಟು ಮುಂದಕ್ಕೆ ಬಗ್ಗಿ. ತಿಂಗಳುಗಳು ಹಿಡಿಯಲಿ.

ತ್ರ್ಯಂಗಮುಖದಲ್ಲಿ ಒಂದು ಕಾಲು ಹಿಂದಕ್ಕೆ ಮಡಚಿದಾಗ ಮೈ ನೀಡಿದ ಕಾಲಿನ ಕಡೆ ವಾಲುತ್ತದೆ. ನೀಡಿದ ಕಾಲಿನ ಕಡೆಯ ಕುಂಡಿಯ ಕೆಳಗೆ ಒಂದು ಪುಸ್ತಕ ಇಡಿ, ಸಮ ಆಗುತ್ತದೆ.

ಇನ್ನು ತೊಡೆಯ ಹಿಂಭಾಗ. ನನ್ನ ಎರಡನೇ ವರ್ಷದ ಡಿಸೆಂಬರ್‌ನಲ್ಲಿ, ಚಳಿಯ ಬೆಳಗ್ಗೆ, ತಡವಾಯಿತು ಅಂತ ಎರಡೇ ನಮಸ್ಕಾರ ಮಾಡಿ ನೇರ ಪಶ್ಚಿಮೋತ್ತಾನಕ್ಕೆ ಕೂತೆ. ಹಿಂದಿನ ದಿನ ಮಣಿಕಟ್ಟು ಹಿಡಿಯಲು ಬಂದಿತ್ತು, ಇವತ್ತೂ ಬರಲೇಬೇಕು ಅನ್ನುವ ಹಟ. ಎಳೆದೆ. ಬಲಗಡೆ ಕೂರುವ ಮೂಳೆಯ ಬುಡದಲ್ಲಿ ಚಿಟ್ ಅಂದ ಹಾಗಾಯಿತು. ನೋವು ಅಂಥದ್ದೇನೂ ಇರಲಿಲ್ಲ, ಅದಕ್ಕೇ ಮಾರನೇ ದಿನವೂ ಎಳೆದೆ. ಆಮೇಲೆ ಎಂಟು ತಿಂಗಳು ಬೈಕ್ ಮೇಲೆ ಕೂರುವಾಗೆಲ್ಲ ಬಲಗಡೆ ಸರಿದು ಕೂರಬೇಕಾಯಿತು. ಅಷ್ಟು ದಿನವೂ ಮಂಡಿ ಮಡಚಿಯೇ ಮುಂದಕ್ಕೆ ಬಗ್ಗಿದೆ.

ತೊಡೆಯ ನಡುಭಾಗದಲ್ಲಿ ಎಳೆತ ಇದ್ದರೆ ಸರಿ. ಕೂರುವ ಮೂಳೆಯ ಹತ್ತಿರ, ಮಂಡಿಯ ಹಿಂದೆ ಎಳೆತ ಬಂದರೆ ಕೂಡಲೇ ಮಂಡಿ ಮಡಚಿ.

ಪ್ರತಿ ಆಸನದ ನಡುವೆ ಹಿಂದಕ್ಕೆ ಹಾರಿ ಮುಂದಕ್ಕೆ ಬರುವ ವಿನ್ಯಾಸ ಇರುತ್ತದೆ. ಹೊಸಬರು ಬಲ ಎಡ ಎರಡೂ ಮುಗಿಸಿ, ಆಸನಕ್ಕೊಂದು ಸಲ ಮಾಡಿದರೆ ಸಾಕು. ಕೈಗಳ ನಡುವೆ ಕಾಲು ತೂರಿಸಿ ಕೂರುವುದು ಬರದಿದ್ದರೆ ಕಾಲು ಕತ್ತರಿ ಹಾಕಿ ನಡೆದು ಬನ್ನಿ. ಅದಕ್ಕಾಗಿ ಅರ್ಧ ಗಂಟೆ ಪ್ರ್ಯಾಕ್ಟೀಸ್ ಮಾಡುವುದು ಸರ್ಕಸ್ ಅಂತ ನನ್ನ ಅಭಿಪ್ರಾಯ.

## ಹಂತ 7: ವಾರದ ಲೆಕ್ಕ, ರಜೆಯ ಲೆಕ್ಕ

ಪದ್ಧತಿಯ ಪ್ರಕಾರ ವಾರಕ್ಕೆ ಆರು ದಿನ ಅಭ್ಯಾಸ, ಒಂದು ದಿನ ರಜೆ. ಮೈಸೂರಿನಲ್ಲಿ ಬಹಳ ಕಾಲ ಶನಿವಾರ ರಜೆ. ನಿಮಗೆ ಭಾನುವಾರ ಅನುಕೂಲವಾದರೆ ಭಾನುವಾರ. ಅಮಾವಾಸ್ಯೆ, ಹುಣ್ಣಿಮೆಗೂ ರಜೆ. ಹೊರದೇಶದಲ್ಲಿರುವವರು ಊರಿನ ಕ್ಯಾಲೆಂಡರ್ ನೋಡಿದರೆ ಕೆಲವೊಮ್ಮೆ ಒಂದು ದಿನ ಆಚೀಚೆ ಆಗುತ್ತದೆ, ನೀವಿರುವ ಕಡೆಯ ಗಂಟೆಗೆ ಹೊಂದಿಸಿಕೊಳ್ಳಿ. ಹೆಂಗಸರಿಗೆ ಮುಟ್ಟಿನ ಮೊದಲ ಮೂರು ದಿನ ಬಿಡುವು ಅನ್ನುವುದು ರೂಢಿ.

ರಜೆಯ ದಿನ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡರೆ ಮೈ ಹಗುರ. ಬಚ್ಚಲು ಜಾರುತ್ತದೆ, ಜೋಪಾನ.

ನಾಲ್ಕು ದಿನದಿಂದ ಆರು ದಿನಕ್ಕೆ ಹೋಗುವಾಗ ಒಂದು ಉಪಾಯ: ಹೆಚ್ಚಿಸಿದ ದಿನಗಳಲ್ಲಿ ಚಿಕ್ಕ ಅಭ್ಯಾಸ ಮಾಡಿ. ನನ್ನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಮೂರು ಅಳತೆ ಬರೆದಿಟ್ಟಿದ್ದೇನೆ. ದೊಡ್ಡದು, ನನಗೆ ಬರುವಷ್ಟು ಎಲ್ಲ. ನಡುವಿನದು, ನಿಂತು ಮಾಡುವ ಆಸನಗಳವರೆಗೆ, ಆಮೇಲೆ ಕೊನೆಯ ಭಾಗ. ಚಿಕ್ಕದು, ಮೂರು 'ಎ', ಮೂರು 'ಬಿ', ಕೂರುವುದು, ಮಲಗುವುದು. ಚಿಕ್ಕದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಯಾವತ್ತು ಯಾವುದು ಅಂತ ಮ್ಯಾಟ್ ಬಿಚ್ಚುವ ಮೊದಲೇ ತೀರ್ಮಾನಿಸಿ. ಕತ್ತರಿಸುವುದಾದರೆ ನಡುವಿನಿಂದ ಕತ್ತರಿಸಿ, ಶುರುವನ್ನೂ ಕೊನೆಯನ್ನೂ ಮುಟ್ಟಬೇಡಿ.

ಮದುವೆ ಮನೆ, ರಾತ್ರಿ ಬಸ್ಸು, ನೆಂಟರು ಹಾಲ್‌ನಲ್ಲಿ ಮಲಗಿರುವ ಬೆಳಗ್ಗೆ, ಇವೆಲ್ಲ ಚಿಕ್ಕದಕ್ಕೆ. ಒಂದು ಟವೆಲ್ ಹಾಸುವಷ್ಟು ಜಾಗ ಸಾಕು.

## ಹಂತ 8: ಎಚ್ಚರಿಕೆಯ ಗುರುತುಗಳು

ಹೊಸ ಆಸನ ಸೇರಿಸಿದ ಮಾರನೇ ದಿನ ಮಾಂಸಖಂಡ ನೋಯುವುದು ಸಹಜ. ಒಂದೆರಡು ದಿನದಲ್ಲಿ ಇಳಿಯುತ್ತದೆ, ಮೈ ಬಿಸಿಯಾದರೆ ಕಡಿಮೆಯಾಗುತ್ತದೆ. ಇನ್ನು ಕೆಳಗಿನವು ಸಹಜ ಅಲ್ಲ.

ಮಂಡಿಯ ಒಳಬದಿಯಲ್ಲಿ ಚುಚ್ಚಿದ ಹಾಗಾದರೆ ಪದ್ಮದ ಜಾತಿಯ ಎಲ್ಲ ಆಸನ ನಿಲ್ಲಿಸಿ. ಮಂಡಿ ಊದಿದರೆ, ಹಿಡಿದು ನಿಂತರೆ ಡಾಕ್ಟರಿಗೆ ತೋರಿಸಿ. ಭುಜದ ಮುಂಭಾಗ ರಾತ್ರಿ ಮಗ್ಗುಲು ಬದಲಿಸುವಾಗ ನೋಯುತ್ತಿದ್ದರೆ ಚತುರಂಗ ತಪ್ಪುತ್ತಿದೆ, ಮಂಡಿ ಊರಿ ಇಳಿಯಲು ಶುರು ಮಾಡಿ. ಬೆನ್ನಿನಿಂದ ಕಾಲಿಗೆ ಇಳಿಯುವ ನೋವು, ಕೈಕಾಲು ಜೋಮು, ತಲೆ ಸುತ್ತು ಬಂದರೆ ಅವತ್ತಿನ ಅಭ್ಯಾಸ ಅಲ್ಲೇ ಮುಗಿಸಿ. "ನೋವು ತೆರೆದುಕೊಳ್ಳುತ್ತಿದೆ, ಮುಂದುವರಿಸಿ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅವರು ಎಷ್ಟೇ ಚೆನ್ನಾಗಿ ಬಗ್ಗುತ್ತಿರಲಿ.

ಮೈಯದ್ದಲ್ಲದ ಗುರುತೂ ಒಂದಿದೆ. ಒಂದು ವಾರ ಪೂರ್ತಿ ಮ್ಯಾಟ್ ನೋಡಿದರೇ ಬೇಸರ ಬರುತ್ತಿದ್ದರೆ ಅಭ್ಯಾಸ ನಿಮ್ಮ ದಿನಕ್ಕಿಂತ ಉದ್ದವಾಗಿದೆ. ಕೊನೆಗೆ ಸೇರಿಸಿದ ಮೂರು ಆಸನ ತೆಗೆದುಹಾಕಿ, ಎರಡು ವಾರ ನೋಡಿ. ನೋಟ್‌ಬುಕ್ ಬೇಕಾಗುವುದು ಇದಕ್ಕೇ. ದಿನಕ್ಕೆ ಒಂದೇ ಸಾಲು: ತಾರೀಕು, ಎಲ್ಲಿವರೆಗೆ ಮಾಡಿದೆ, ಎಲ್ಲಿ ನೋವಿತ್ತು. ಮಂಡಿ ನೋವು ಯಾವಾಗ ಶುರುವಾಯಿತು ಅಂತ ಯೋಚಿಸಿದರೆ ನೆನಪಾಗುವುದಿಲ್ಲ. ಪುಟ ತಿರುಗಿಸಿದರೆ, ಮರೀಚ್ಯಾಸನದ ಎರಡನೆಯದು ಸೇರಿಸಿದ ವಾರವೇ ಅಂತ ಕಾಣಿಸುತ್ತದೆ.

## ಹಂತ 9: ಬಿಟ್ಟುಹೋದಾಗ ಮತ್ತೆ ಹಿಡಿಯುವುದು

ಬಿಟ್ಟುಹೋಗುತ್ತದೆ. ಜ್ವರ, ಪರೀಕ್ಷೆ, ಮನೆ ಶಿಫ್ಟ್, ಸಾವು ನೋವು, ಏನೋ ಒಂದು. ತಪ್ಪಾಗುವುದು ಬಿಟ್ಟಿದ್ದರಿಂದಲ್ಲ, ವಾಪಸ್ ಬಂದ ದಿನ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಎತ್ತಿಕೊಳ್ಳುವುದರಿಂದ. ಮನಸ್ಸಿಗೆ ಹಳೇ ಅಳತೆ ನೆನಪಿರುತ್ತದೆ, ಮೈ ಮರೆತಿರುತ್ತದೆ.

ಒಂದು ವಾರದೊಳಗೆ ಬಂದರೆ ಎರಡು ದಿನ ಚಿಕ್ಕ ಅಭ್ಯಾಸ, ಮೂರನೇ ದಿನ ಮಾಮೂಲು. ಜ್ವರ ಬಿಟ್ಟ ಮೇಲಾದರೆ ನಡೆದರೆ ಸುಸ್ತಾಗದಷ್ಟು ಚೇತರಿಸಿಕೊಂಡ ಮೇಲೆ ಶುರು ಮಾಡಿ, ಮೊದಲು ಬರೀ ಉಸಿರು. ತಿಂಗಳು ದಾಟಿದ್ದರೆ ಹಂತ 3ಕ್ಕೆ ವಾಪಸ್. ಈ ಸಲ ಎರಡು ಮೂರು ವಾರ ಬೇಕಾಗುವುದಿಲ್ಲ, ನಾಲ್ಕೈದು ದಿನದಲ್ಲಿ ಮೈ ನೆನಪಿಸಿಕೊಳ್ಳುತ್ತದೆ.

ಅಟ್ಟದಿಂದ ಇಳಿಸಿದ ಮ್ಯಾಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಹಿಂದಿನ ರಾತ್ರಿಯೇ ಹಾಸಿಡಿ. ಬೆಳಗ್ಗೆ ಮೂರು ಸೂರ್ಯ ನಮಸ್ಕಾರ, ಹತ್ತು ಉಸಿರು, ಐದು ನಿಮಿಷ ಮಲಗುವುದು. ನಾಲ್ಕನೇದು ಮಾಡೋಣ ಅನ್ನಿಸುತ್ತದೆ. ಮಾಡಬೇಡಿ, ನಾಳೆಗಿರಲಿ.